ಅಮ್ಮನ ಡ್ರೈವಿಂಗ್ ಟೆಸ್ಟೂ ಆ ಪೆದ್ದ ಸಿಪಾಯಿಯೂ

ಸೈನ್ಯಕ್ಕೆ ಹೊಸದಾಗಿ ಸೇರಿದ ಹಳ್ಳಿಯ ಪೆದ್ದನೊಬ್ಬ, ಅವನನ್ನು ತಿದ್ದಲು ಹೋಗಿ ಗಂಟಲು ಹರಿದುಕೊಳ್ಳುವ ಸಾರ್ಜೆಂಟ್ ಒಬ್ಬ. ಅಮೆರಿಕದ ಆ ಹಳೆಯ ಟೀವಿ ಧಾರಾವಾಹಿಯ ಕತೆಯನ್ನು ಎಲ್ಲರೂ ಹೀಗೇ ಹೇಳುತ್ತಾರೆ. ಇದಕ್ಕೆ ನನ್ನ ಆಕ್ಷೇಪವಿದೆ. ಹೈಸ್ಕೂಲಿನಲ್ಲಿ ನಾಲ್ಕು ವರ್ಷ ಡಿಬೇಟ್ ಮಾಡಿದವಳು ನಾನು. ಪುರಾವೆಯಿಲ್ಲದೆ ಯಾರನ್ನೂ ಪೆದ್ದ ಎಂದು ಒಪ್ಪುವುದಿಲ್ಲ. ಕಂತು ಮುಗಿಯುವಾಗ ನಗುತ್ತ ನಿಂತಿರುವವನು ಸಿಪಾಯಿ, ತಲೆ ಹಿಡಿದುಕೊಂಡು ಕೂತಿರುವವನು ಸಾರ್ಜೆಂಟ್. ಹಾಗಾದರೆ ಪೆದ್ದ ಯಾರು? ಈ ಪ್ರಶ್ನೆ ಎತ್ತಿದಾಗ ಅಮ್ಮ, "ಸುಮ್ನ ನೋಡವಾ, ನಗಾಕ ಹಾಕ್ಯಾರ ಅದನ್ನ," ಎಂದು ವಾದವನ್ನು ಅಲ್ಲಿಗೇ ವಜಾ ಮಾಡಿದ್ದಳು.

ಧಾರವಾಡದ ಅಮ್ಮ ಡ್ಯಾಲಸ್ ಪಕ್ಕದ ಮರ್ಫಿಗೆ ಬಂದ ಮೇಲೆ ದಿನಾ ಬೆಳಿಗ್ಗೆ ಹನ್ನೊಂದಕ್ಕೆ, ಸಾರಿಗೆ ಒಗ್ಗರಣೆ ಕೊಟ್ಟು, ಆ ಧಾರಾವಾಹಿಯ ಮರುಪ್ರಸಾರಕ್ಕೆ ಕೂರುತ್ತಾಳೆ. ಅವಳ ಇಂಗ್ಲಿಷಿನ ಅರ್ಧ ಅಲ್ಲಿಂದಲೇ ಬಂದದ್ದು. ಅಪ್ಪ ಸೋಮವಾರದಿಂದ ಗುರುವಾರದವರೆಗೆ ಕೆಲಸಕ್ಕೆ ಆಸ್ಟಿನ್‌ನಲ್ಲಿ. ನನಗೆ ಹ್ಯೂಸ್ಟನ್‌ನಲ್ಲಿ ಕೆಲಸ ಸಿಕ್ಕಿ, ಎರಡು ವಾರದಲ್ಲಿ ಅದರ ಪಕ್ಕದ ಮಿಸೌರಿ ಸಿಟಿಗೆ ಶಿಫ್ಟ್ ಆಗಬೇಕಿತ್ತು. ಆಮೇಲೆ ಅಮ್ಮ ಕೊತ್ತಂಬರಿ ಸೊಪ್ಪಿಗೂ ಶುಕ್ರವಾರದ ದಾರಿ ಕಾಯಬೇಕು. ಡ್ರೈವಿಂಗ್ ಟೆಸ್ಟಿನಲ್ಲಿ ಆಗಲೇ ಎರಡು ಸಲ ಫೇಲ್ ಆಗಿದ್ದಳು. ಕಲಿಸಿದ್ದು ನಾನೇ. ಸ್ಟಾಪ್ ಸೈನಿನಲ್ಲಿ ಪೂರ್ತಿ ನಿಲ್ಲಬೇಕು, ಅದಕ್ಕೆ ಮೂರು ಕಾರಣಗಳಿವೆ ಎಂದು ನಾನು ಶುರು ಮಾಡಿ, ಎರಡನೆಯದಕ್ಕೆ ಬರುವಷ್ಟರಲ್ಲಿ ಸ್ಟಾಪ್ ಸೈನೇ ಹಿಂದೆ ಉಳಿದಿರುತ್ತಿತ್ತು. ಮೂರನೆಯದನ್ನು ನಾನು ಯಾವಾಗಲೂ ಕಿರುಚಿಯೇ ಹೇಳಿದ್ದೇನೆ. "ನೀ ಒದರಿದ್ರ ಬ್ರೇಕ್ ಎಲ್ಲೈತಿ ಅನ್ನೋದೂ ಮರೀತೈತಿ," ಎನ್ನುತ್ತಿದ್ದಳು ಅಮ್ಮ, ನಗುತ್ತಲೇ.

ಮೂರನೇ ಟೆಸ್ಟಿನ ದಿನ ಪರೀಕ್ಷಕರು ಬಂದರು. ಕತ್ತರಿಸಿದ ಗಡುಸು ಕೂದಲು, ಕಬ್ಬಿಣದ ದವಡೆ, ಕೈಯಲ್ಲಿ ಕಾಗದ ಸಿಕ್ಕಿಸಿದ ರಟ್ಟಿನ ಹಲಗೆ. ಥೇಟ್ ನಿವೃತ್ತ ಸಾರ್ಜೆಂಟ್. ನಾನು ಆಫೀಸಿನ ಕಿಟಕಿಯ ಗಾಜಿಗೆ ಮೂಗು ಒತ್ತಿ ನಿಂತೆ. ಅವರು ಕಾರಿನಲ್ಲಿ ಕೂತದ್ದೇ ತಡ, ಅಮ್ಮ ಸ್ಟೀಲ್ ಡಬ್ಬಿ ತೆಗೆದು ಅವರ ಮುಂದೆ ಹಿಡಿದಳು. ಶೇಂಗಾ ಹೋಳಿಗೆ. ಅವರು ಬೇಡವೆಂದು ತಲೆಯಾಡಿಸಿದರು. ಡಬ್ಬಿ ಹಿಂದಿನ ಸೀಟಿಗೆ ಹೋಯಿತು. ಅವರು ಹಲಗೆಯ ಮೇಲೆ ಏನೋ ಬರೆದುಕೊಂಡರು. ಕಾರು ಹೊರಟಿತು.

ಸರ್ಕಾರಿ ನೌಕರನಿಗೆ ಪರೀಕ್ಷೆಗೆ ಮುಂಚೆ ತಿಂಡಿ! ಲೈಸೆನ್ಸ್ ಹಾಗಿರಲಿ, ಇನ್ನು ಮುಂದೆ ಟೆಸ್ಟಿಗೇ ಕೂರಿಸದಿದ್ದರೆ? ಇಪ್ಪತ್ತು ನಿಮಿಷ ನಾನು ಅಮ್ಮನ ಪರ ವಾದ ಕಟ್ಟಿದೆ. ಕಾರು ಬಂದು ನಿಂತ ಕೂಡಲೇ ಓಡಿ ಹೋಗಿ, ಪರೀಕ್ಷಕರು ಬಾಯಿ ಬಿಡುವ ಮುಂಚೆಯೇ, ಅದು ಲಂಚವಲ್ಲ, ಹಾಗೆ ಕಂಡಿದ್ದರೂ ಉದ್ದೇಶ ಅದಲ್ಲ, ಉದ್ದೇಶ ಸಾಬೀತಾಗದೆ ಶಿಕ್ಷೆಯಿಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ.

ಅವರ ಹುಬ್ಬು ಮೆಲ್ಲಗೆ ಮೇಲೇರಿತು. ಲಂಚ ಎಂಬ ಯೋಚನೆ ಅಲ್ಲಿಯವರೆಗೆ ಅವರಿಗೆ ಬಂದೇ ಇರಲಿಲ್ಲವಂತೆ. ನಿಮ್ಮ ತಾಯಿ ನಾಷ್ಟಾ ಆಯಿತೇ ಎಂದು ಕೇಳಿದರು, ಈ ಆಫೀಸಿನಲ್ಲಿ ಯಾರೂ ಕೇಳಿದ್ದಿಲ್ಲ, ಕಾರನ್ನೂ ಒಂದೇ ಸಲಕ್ಕೆ ಪಾರ್ಕ್ ಮಾಡಿದರು, ಅವರು ಪಾಸು ಎಂದು ಪರೀಕ್ಷಕರು ಹೇಳಿದರು. ಆಮೇಲೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕಲಿಸಿದವರು ನೀವೇನಾ ಎಂದು ವಿಚಾರಿಸಿದರು. ನಾನು ಹಿಂದಿನ ಸೀಟಿನಿಂದ ಡಬ್ಬಿ ಎತ್ತಿಕೊಂಡೆ.

"ನಮ್ಮ ಕಾರಿನ್ಯಾಗ ಕುಂತವರನ್ನ ಬರೇ ಬಾಯೀಲೆ ಹೆಂಗ ಕಳಸೂದು?" ಎಂದಳು ಅಮ್ಮ, ಮನೆಗೆ ಡ್ರೈವ್ ಮಾಡುತ್ತ. ಪ್ರತಿ ಸ್ಟಾಪ್ ಸೈನಿನಲ್ಲೂ ಪೂರ್ತಿ ನಿಲ್ಲಿಸಿದಳು. ನಾನು ಪಕ್ಕದಲ್ಲಿ ಕೂತು ಹೋಳಿಗೆ ತಿಂದೆ. ಕಲಿಸುತ್ತ ಕಟ್ಟಿಕೊಂಡಿದ್ದ ಎರಡು ತಿಂಗಳ ಬಿಗಿ ಹೆಗಲಿನಿಂದ ಇಳಿದುಹೋಯಿತು.

ಮರುದಿನ ಹನ್ನೊಂದಕ್ಕೆ ಇಬ್ಬರೂ ಟೀವಿ ಮುಂದೆ ಕೂತೆವು. ಸಾರ್ಜೆಂಟ್ ಬೆರಳು ಮಡಚಿ ಮಡಚಿ ಏನೋ ವಿವರಿಸುತ್ತ ಕೊನೆಗೆ ಕಿರುಚತೊಡಗಿದ. ಅಮ್ಮ ಕಣ್ಣಲ್ಲಿ ನೀರು ಬರುವಂತೆ ನಕ್ಕು, ಸೆರಗಿನಿಂದ ಒರೆಸಿಕೊಂಡಳು. ಒಮ್ಮೆ ನನ್ನ ಕಡೆ ನೋಡಿ ಮತ್ತೆ ನಕ್ಕಳು.

"ಅಮ್ಮಾ, ದಿನಾ ಈ ಸಾರ್ಜೆಂಟನ್ನ ನೋಡಿ ನಗಬೇಕಾದ್ರ ನಿನಗ ಯಾರು ನೆನಪಾಗ್ತಾರ?"