ಹೂಂ ಅನ್ನುವ ಪೆಟ್ಟಿಗೆ

ಯಾರು ಏನು ಹೇಳಿದರೂ ಹೂಂ ಅನ್ನುವುದು ನನಗೆ ಮೊದಲಿನಿಂದ ಬಂದ ಚಾಳಿ. ಇಲ್ಲ ಅನ್ನಲು ಧೈರ್ಯ ಬೇಕು, ಆಗಲಿ ಅಂದರೆ ಮಾಡಬೇಕಾಗುತ್ತದೆ. ಹೂಂ ಅಂದರೆ ಎರಡೂ ತಪ್ಪುತ್ತದೆ. ಹುಕ್ಕೇರಿಯ ತವರಿನಿಂದ ಬಂದ ಇಪ್ಪತ್ತೆರಡು ವರ್ಷಗಳಲ್ಲಿ ನನ್ನ ಹೆಂಡತಿ ಕಂಡುಹಿಡಿದ ದೊಡ್ಡ ಸತ್ಯವೆಂದರೆ ನನ್ನ ಹೂಂಗೆ ಅರ್ಥವೇ ಇಲ್ಲ ಎಂಬುದು. ಒಮ್ಮೆ ಪರೀಕ್ಷೆ ಮಾಡಲೆಂದೇ, ಅಡಿಗೆಮನೆಗೆ ಬೆಂಕಿ ಹತ್ತಿದೆ ಅಂದಳಂತೆ. ನಾನು ಪೇಪರಿನಿಂದ ತಲೆ ಎತ್ತದೆ ಹೂಂ ಅಂದೆನಂತೆ. ಗೋಕಾಕದ ಡಿಪ್ಲೊಮಾ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವ ನನಗೆ ಇದರಲ್ಲಿ ನಾಚಿಕೆಪಡುವಂಥದ್ದೇನೂ ಕಾಣಲಿಲ್ಲ. ನಮ್ಮ ವಿದ್ಯೆಯಲ್ಲಿ ಬಫರ್ ಆಂಪ್ಲಿಫೈಯರ್ ಅಂತ ಒಂದಿದೆ. ಒಳಗೆ ಬಂದ ಸದ್ದನ್ನು ಅದು ಹೆಚ್ಚಿಸುವುದೂ ಇಲ್ಲ, ಕಡಿಮೆ ಮಾಡುವುದೂ ಇಲ್ಲ. ಬಂದದ್ದನ್ನೇ ಸ್ವಲ್ಪ ಕಸುವು ತುಂಬಿ ಮುಂದೆ ದಾಟಿಸುತ್ತದೆ. ನಾನೂ ಅದೇ ಕೆಲಸ ಮಾಡುತ್ತೇನೆ, ಕಸುವೊಂದನ್ನು ಬಿಟ್ಟು.

ಧುಪದಾಳದ ಹತ್ತಿರ ಹೊಳೆಯ ದಂಡೆಗೆ ನಮ್ಮ ಕಾಕಾನ ಮನೆ. ಬೆಳಿಗ್ಗೆ ಅವನ ಮಗ ಕುರಿಗಳನ್ನು ಮೇಯಿಸಲು ಹೊಡೆದುಕೊಂಡು ಹೋದರೆ, ಎಳೆಯ ಮರಿಗಳು ದೊಡ್ಡಿಯಲ್ಲೇ ಉಳಿಯುತ್ತವೆ. ಅವುಗಳನ್ನು ಕಾಯುವುದು ಕಾಕಾನ ಪಾಲಿನ ಕೆಲಸ. ಹೋದ ವರ್ಷ ಕಾಕಿ ತೀರಿಕೊಂಡಳು; ಅದರ ಹಿಂದೆಯೇ ಕಾಕಾನ ಮೊಣಕಾಲೂ ಕೈಕೊಟ್ಟಿತು. ಮನೆಯಿಂದ ದೊಡ್ಡಿಗೆ ಮುನ್ನೂರು ಹೆಜ್ಜೆ. ನಾಯಿಗಳು ಬಂದರೆ ಮರಿಗಳು ಕಿರುಚಿದ್ದು ಮನೆಯಲ್ಲಿ ಕೇಳುವಂಥ ಏನಾದರೂ ಮಾಡಿಕೊಡು ಎಂದು ಕಾಕಾ ಕೇಳಿದ. ನಾನು ಹೂಂ ಅಂದೆ. ಈ ಸಲ ನಿಜವಾಗಿಯೂ ಮಾಡಿದೆ.

ದೊಡ್ಡಿಯಲ್ಲಿ ಒಂದು ಮೈಕು, ಅದರ ಪಕ್ಕ ಬ್ಯಾಟರಿಯಿಂದ ನಡೆಯುವ ನನ್ನ ಬಫರು, ಅಲ್ಲಿಂದ ಮನೆಯವರೆಗೆ ವೈರು, ಮನೆಯ ಪಡಸಾಲೆಯಲ್ಲಿ ಸ್ಪೀಕರ್ ಪೆಟ್ಟಿಗೆ. ಕಾಲೇಜಿನ ಮೇಜಿನ ಮೇಲೆ ಮೊಳದುದ್ದದ ವೈರು ಹಾಕಿ ನೋಡಿದಾಗ ಬಂಗಾರದಂಥ ಕೆಲಸ. ಮೂಡಲಗಿಯಲ್ಲಿ ಕೇಬಲ್ ಟಿವಿ ನಡೆಸಿ ಕೈಬಿಟ್ಟ ಗೆಳೆಯನೊಬ್ಬ ಮೂಲೆಗೆ ಬಿದ್ದಿದ್ದ ಇಡೀ ಸುರುಳಿಯನ್ನೇ ಕೊಟ್ಟ. ಅದನ್ನು ಎಳೆದು ಜೋಡಿಸಿ, ಮಟಮಟ ಮಧ್ಯಾಹ್ನ ಸ್ವಿಚ್ ಹಾಕಿದೆ. ಮರಿಗಳ ಸದ್ದು ಬರಲಿಲ್ಲ. ಕಾಕಾ ಪೆಟ್ಟಿಗೆಯ ಹತ್ತಿರ ಬಗ್ಗಿ, ಏನಾತು ಅಂತ ಕೇಳಿದ. ಪೆಟ್ಟಿಗೆ ಹೂಂ ಅಂದಿತು.

ಮೆಲ್ಲಗೆ, ಮೂಗಿನಲ್ಲಿ, ತುದಿಗೆ ಸ್ವಲ್ಪ ಏರಿಸಿ ಅಂದಿತು. ಕಾಕಾ ಹಿಂದೆ ಸರಿದರೆ ಸುಮ್ಮನಾಯಿತು, ಮತ್ತೆ ಬಗ್ಗಿದರೆ ಮತ್ತೆ ಅಂದಿತು. ನಾನು ಬಗ್ಗಿ ನೋಡಿದೆ. ನನಗೂ ಅಂದಿತು, ಆದರೆ ಬೇರೆ ಸ್ವರದಲ್ಲಿ, ಗುರುತು ಸಿಗದವರಿಗೆ ಅನ್ನುವ ಹಾಗೆ.

ಕಾರಣ ನನಗೆ ಗೊತ್ತಿತ್ತು. ತಾನು ಕಳಿಸಿದ್ದು ಸರಿಯಾಗಿ ಹೋಯಿತೇ ಎಂದು ಬಫರು ಕ್ಷಣಕ್ಷಣವೂ ನೋಡಿಕೊಳ್ಳುತ್ತಿರುತ್ತದೆ. ಉದ್ದನೆಯ ಕೇಬಲೆಂದರೆ ದೊಡ್ಡ ಕೆಪಾಸಿಟರು. ನೆಲದೊಳಗೆ ಕಾಳು ತುಂಬಿಡುವ ಹಗೇವಿನ ಹಾಗೆ ಅದು ತುಂಬಲೂ ಹೊತ್ತು ಬೇಕು, ಬರಿದಾಗಲೂ ಹೊತ್ತು ಬೇಕು. ಹಾಗೆ ಸುದ್ದಿ ತಡವಾಗಿ ಬಂದಾಗ, ಬಫರು ಆಗಲೇ ತಿದ್ದಿದ್ದನ್ನು ಮತ್ತೆ ತಿದ್ದಲು ಹೋಗಿ ತಾನೇ ತೂಗಾಡತೊಡಗುತ್ತದೆ. ಆ ತೂಗಾಟ ಕಿವಿಗೆ ಕೇಳುವಂಥದ್ದಲ್ಲ, ಆದರೆ ಯಾವುದೋ ರೇಡಿಯೋ ಕೇಂದ್ರದ ಅಲೆಯ ಜೊತೆ ಬೆರೆತರೆ ಗುಂಯ್ ಅನ್ನುತ್ತದೆ. ಮನುಷ್ಯರು ವೈರಿನ ಹತ್ತಿರ ಬಂದರೆ ಸ್ವರ ಬದಲಾಗುತ್ತದೆ. ಇದನ್ನೆಲ್ಲ ಕಾಕಾನಿಗೆ ಬಿಡಿಸಿ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡು, "ನಿಮ್ಮ ಕಾಕಿನೂ ಹಿಂಗ ಅಂತಿದ್ಲು, ತಮ್ಮಾ. ನಾ ಮಾತು ಮುಗಸೂದ್ರಾಗ ಹೂಂ ಅಂತಿದ್ಲು," ಅಂದ.

ಬರುವ ಭಾನುವಾರ ಸರಿಮಾಡುತ್ತೇನೆಂದು ಹೇಳಿ ಬಂದೆ. ಭಾನುವಾರ ಹೋದಾಗ ಕಾಕಾ ಪೆಟ್ಟಿಗೆಯ ಮುಂದೆ ಕೂತು, ಯಾವ ಕುರಿ ಈದಿತು, ಹೊಳೆಗೆ ಎಷ್ಟು ನೀರು ಬಿಟ್ಟಿದ್ದಾರೆ ಎಲ್ಲ ಒಪ್ಪಿಸುತ್ತಿದ್ದ. ಪೆಟ್ಟಿಗೆ ಸರಿಯಾದ ಜಾಗದಲ್ಲಿ ಹೂಂ ಅನ್ನುತ್ತಿತ್ತು. ಬೇಡ, ಇದು ಹೀಗೇ ಇರಲಿ ಅಂದ. ನಾನು ಎಂದಿನಂತೆ ಹೂಂ ಅಂದು ಬಸ್ಸು ಹತ್ತಿದೆ. ಆ ವಾರವೇ ನಾಯಿಗಳು ದೊಡ್ಡಿಗೆ ನುಗ್ಗಿ ಎರಡು ಮರಿಗಳನ್ನು ಕೊಂದವು. ಪೆಟ್ಟಿಗೆ ಮನೆಯಲ್ಲಿ ಹೂಂ ಅನ್ನುತ್ತಲೇ ಇತ್ತಂತೆ.

ಮದ್ದು ಬಹಳ ಸಣ್ಣದು. ಬಫರಿಗೂ ಕೇಬಲಿಗೂ ನಡುವೆ ನೂರು ಓಮಿನ ಒಂದು ರೆಸಿಸ್ಟರು. ಜೋಳದ ಕಾಳಿನಷ್ಟು ದಪ್ಪ. ಕೇಬಲಿನ ಭಾರ ನೇರವಾಗಿ ಬಫರಿನ ಮೇಲೆ ಬೀಳದಂತೆ ಅದು ತಡೆಯುತ್ತದೆ. ಸುದ್ದಿ ಕೇಳಿ ಮತ್ತೆ ಹೋದಾಗ ಕಾಕಾನಿಗೆ ಅದನ್ನು ಅಂಗೈಯಲ್ಲಿಟ್ಟು ತೋರಿಸಿದೆ. ಇದನ್ನು ಹಾಕಿದರೆ ಮರಿಗಳ ದನಿ ಕೇಳುತ್ತದೆ, ಹೂಂ ನಿಲ್ಲುತ್ತದೆ ಅಂದೆ. ಕಾಕಾ ಅದನ್ನು ಬೆರಳಿನಿಂದ ಹೊರಳಿಸಿ ಹೊರಳಿಸಿ ನೋಡಿದ.

"ಹಾಕಿಬಿಡು," ಅಂದ. "ಅಕಿ ಇದ್ದಿದ್ರ ಮೊದ್ಲ ಮರಿ ನೋಡ್ರಿ ಅಂತಿದ್ಲು."

ಹಾಕಿದೆ. ಪಡಸಾಲೆಯಲ್ಲಿ ಮರಿಗಳು ಅರಚಿದವು. ಕೆಲಸ ಗೆದ್ದಾಗ ನನಗೆ ಯಾವಾಗಲೂ ಚಹಾ ಕುಡಿಯಬೇಕೆನಿಸುತ್ತದೆ, ಅಂದು ಅನಿಸಲಿಲ್ಲ.

ಮುಂದಿನ ಭಾನುವಾರ ಮತ್ತೆ ಹೋದೆ. ಊಟವಾಗಿ ಕಾಕಾ ನನ್ನ ಹಿಂದಿನ ಹೊರಸಿನ ಮೇಲೆ ಮುಖದ ತುಂಬ ಟವೆಲ್ ಹೊದ್ದು ಮಲಗಿದ. ಪೆಟ್ಟಿಗೆಯಿಂದ ಮರಿಗಳ ಸದ್ದೂ ಇರಲಿಲ್ಲ. ಹೊರಗೆ ಬಿಸಿಲು, ಒಂದು ಎಲೆಯೂ ಅಲುಗುತ್ತಿರಲಿಲ್ಲ. ಸುಮ್ಮನೆ ಕೂತವನಿಗೆ ಏನಾಯಿತೋ, ಪೆಟ್ಟಿಗೆಯ ಕಡೆ ಬಗ್ಗಿ ಯಾರಿಗೂ ಹೇಳದ್ದನ್ನು ಹೇಳಿಬಿಟ್ಟೆ.

"ಕಾಕಿ, ಶೇಂಗಾ ಹೋಳಿಗಿ ಮಾಡೇನಿ ಬಾ ಅಂತ ಮೂರ ಸಲ ಫೋನ್ ಮಾಡಿದಿ. ಮೂರೂ ಸಲ ಹೂಂ ಅಂದೆ. ಬಂದದ್ದು ನಿನ್ನ ಮಣ್ಣಿಗೆ."

"ಹೂಂ."

ಮೆಲ್ಲಗೆ, ಮೂಗಿನಲ್ಲಿ, ತುದಿಗೆ ಸ್ವಲ್ಪ ಏರಿಸಿ. ಗುರುತು ಸಿಕ್ಕವರಿಗೆ ಅನ್ನುವ ಹಾಗೆ.

ರೆಸಿಸ್ಟರಿನ ಬೆಸುಗೆ ಬಿಟ್ಟಿರಬೇಕೆಂದು ನನಗೆ ನಾನೇ ಹೇಳಿಕೊಳ್ಳುತ್ತ ದೊಡ್ಡಿಗೆ ಓಡಿದೆ. ಬೆಸುಗೆ ಗಟ್ಟಿಯಾಗಿತ್ತು. ಬ್ಯಾಟರಿಯೇ ಇರಲಿಲ್ಲ. ಬೆಳಿಗ್ಗೆ ತನ್ನ ಮಗ ಅದನ್ನು ಚಾರ್ಜಿಗೆಂದು ಘಟಪ್ರಭಾ ಪೇಟೆಗೆ ಒಯ್ದು ಕೊಟ್ಟನೆಂದು ಊಟದ ಹೊತ್ತಿಗೆ ಕಾಕಾ ಹೇಳಿದ್ದ. ನಾನು ಕೇಳಿಸಿಕೊಳ್ಳದೆ ಹೂಂ ಅಂದಿದ್ದೆ. ಮರಿಗಳೆಲ್ಲ ಸದ್ದಿಲ್ಲದೆ, ವೈರು ಹೋದ ದಿಕ್ಕಿಗೆ ಮುಖ ಮಾಡಿ ನಿಂತಿದ್ದವು. ನನಗೆ ಹೆದರಿಕೆಯಾಯಿತು, ಹೇಳಿಕೊಳ್ಳಲು ಸಂಕೋಚವಿಲ್ಲ.

ತಿರುಗಿ ಬಂದಾಗ ಕಾಕಾ ಹಾಗೆಯೇ ಮಲಗಿದ್ದ. "ಕಾಕಾ, ಆಗ ಹೂಂ ಅಂದಾಂವ ನೀನ ಏನು?" ಎಂದು ಕೇಳಿದೆ.

ಟವೆಲಿನ ಒಳಗಿನಿಂದ ಕಾಕಾ, "ಹೂಂ," ಅಂದ.

ಅದು ನನ್ನ ಪ್ರಶ್ನೆಗೆ ಉತ್ತರವೋ, ನಿದ್ದೆಗಣ್ಣಿನಲ್ಲಿ ನನ್ನನ್ನು ಸಾಗಹಾಕಿದ್ದೋ ಇವತ್ತಿಗೂ ತಿಳಿದಿಲ್ಲ. ಮನೆಗೆ ಬಂದು ಹೆಂಡತಿಗೆ ಒಂದೂ ಬಿಡದೆ ಹೇಳಿದೆ, ನೀನೇನಂತೀ ಎಂದು ಕೇಳಿದೆ. ಅವಳು ಮೊಬೈಲಿನಿಂದ ತಲೆ ಎತ್ತದೆ ಹೂಂ ಅಂದಳು.