ಅಕ್ಕನ ಟ್ರಂಕಿನಲ್ಲಿ ಇಲ್ಲದ್ದು

ಆ ಶನಿವಾರ ಬೆಳಿಗ್ಗೆ ನಾನು ಹೋದಾಗ ನಮ್ಮಕ್ಕ ಅಂಗಳದಲ್ಲಿ ಕೂತು ಜಾಕಿಗೆ ಸೀರೆ ಉಡಿಸುತ್ತಿದ್ದಳು.

ನೀವು ನಂಬುವುದಿಲ್ಲ, ಗೊತ್ತು. ಆದರೆ ಅದನ್ನು ಬೇರೆ ಹೇಗೆ ಹೇಳಲಿ? ಹಳೇ ಸೀರೆಯ ತುಂಡೊಂದನ್ನು ಗಾಡಿ ಎತ್ತುವ ಜಾಕಿಗೆ ಸುತ್ತಿ, ಬಿಗಿಯಾಗಿ ಎಳೆದು, ಗಂಟು ಹಾಕಿ, ತಗಡಿನ ಟ್ರಂಕಿನ ತಳದಲ್ಲಿ ಮಲಗಿಸಿದಳು. ಆ ಟ್ರಂಕು ಅವಳ ಮದುವೆಗೆ ನಮ್ಮಪ್ಪ ಕೊಡಿಸಿದ್ದು. ಮುಚ್ಚಳದ ಮೇಲೆ ಕಮಲದ ಹೂವಿನ ಚಿತ್ರವಿದೆ. ಬೇರೆ ಹೆಂಗಸರು ಅಂಥ ಟ್ರಂಕಿನಲ್ಲಿ ಸೀರೆ ಇಡುತ್ತಾರೆ. ನಮ್ಮಕ್ಕನ ಸೀರೆಗಳು ಗೊಬ್ಬರದ ಚೀಲದಲ್ಲಿ ಅಟ್ಟದ ಮೇಲಿದ್ದವು. ಟ್ರಂಕಿನಲ್ಲಿ ಸ್ಪ್ಯಾನರುಗಳಿದ್ದವು.

"ಸ್ಟೂಲು ತಂದ್ಯಾ?" ಎಂದಳು, ತಲೆ ಎತ್ತದೆ.

"ಮರ್ತೋಯ್ತು ಕಣಕ್ಕ. ಸೋಮವಾರ ತರ್ತೀನಿ."

"ನಾಳೆ ಹೊರಡಾದು. ಸೋಮವಾರ ತಂದು ಯಾರನ್ನ ಕೂರುಸ್ತೀಯ?"

"ಒಂದಿನ ನೆಲದ ಮ್ಯಾಲೆ ಕೂರ್ತೀನಿ ಬುಡು."

"ನೆಲ ಯಾಕ್ಲಾ? ಮಧುಗಿರಿ ಕಲ್ಲೈತಲ್ಲ, ಅದ್ರ ಮ್ಯಾಲೆ ಕೂತ್ಕ. ಅದನ್ನೂ ಮುರಿ, ನೋಡಾನ."

ಸ್ಟೂಲಿನ ಸಂಗತಿ, ಕಲ್ಲಿನ ಸಂಗತಿ ಎರಡನ್ನೂ ಮುಂದೆ ಹೇಳುತ್ತೇನೆ. ಆ ದಿನ ಬೇರೆ ವಿಶೇಷ ಏನೂ ನಡೆಯಲಿಲ್ಲ. ಮಧ್ಯಾಹ್ನ ಮುದ್ದೆ, ಹುರುಳಿ ಸಾರು ಉಂಡೆ. ಇನ್ನೊಂದು ಅರ್ಧ ಮುದ್ದೆ ಹಾಕಲು ಬಂದಳು, ಬೇಡ ಎಂದೆ. ಮನೆಗೆ ಹೋದೆ.

ಬರಗೂರಿನಲ್ಲಿ ಅಕ್ಕ, ಭಾವ ಇಬ್ಬರೂ ಸೇರಿ ಮೋಟರ್ ರಿವೈಂಡಿಂಗ್ ಅಂಗಡಿ ನಡೆಸುತ್ತಿದ್ದರು. ಬೋರ್‌ವೆಲ್ ಮೋಟರ್ ಸುಟ್ಟರೆ ಸುತ್ತಿನವರು ಅಲ್ಲಿಗೇ ಹೊತ್ತು ತರುತ್ತಿದ್ದರು. ಭಾವ ಬಿಚ್ಚುವುದು, ಅಕ್ಕ ತಾಮ್ರದ ತಂತಿ ಸುತ್ತುವುದು. ಭಾವನದು ಮಾತು ಕಡಿಮೆ. ದಿನಕ್ಕೆ ಹತ್ತು ಮಾತಾಡಿದರೆ ಅದರಲ್ಲಿ ಆರು "ಹೂಂ". ಮಿಕ್ಕ ಮಾತನ್ನೆಲ್ಲ ಅಕ್ಕನೇ ಆಡಬೇಕಾಗಿತ್ತು. ಅದಕ್ಕೆ ಅವಳ ತಕರಾರೇನೂ ಇರಲಿಲ್ಲ.

ಅಂಗಡಿಯ ಪಕ್ಕದಲ್ಲಿ ಒಬ್ಬರು ಜೀಪಿನ ಹಿಂದೆ ಕಟ್ಟಿ ಎಳೆಯುವಂಥ ಕ್ಯಾಂಟೀನ್ ಗಾಡಿ ಇಟ್ಟುಕೊಂಡಿದ್ದರು. ವ್ಯಾಪಾರ ಬಿಟ್ಟು ಮಗಳ ಊರಿಗೆ ಹೋಗುವಾಗ "ನೀವೇ ಇಟ್ಕಳಿ" ಎಂದು ಬಿಟ್ಟುಹೋದರು. ಭಾವ ಅದನ್ನು ತಗಡಿನ ಲೆಕ್ಕದಲ್ಲಿ ನೋಡಿದರು. ಅಕ್ಕ ಮನೆಯ ಲೆಕ್ಕದಲ್ಲಿ ನೋಡಿದಳು. ಒಲೆ ಇದ್ದ ಜಾಗದಲ್ಲಿ ಮಲಗಲು ಎರಡು ಹಲಗೆ ಹೊಡೆಸಿದಳು, ಕಿಟಕಿಗೆ ಪರದೆ ಹಾಕಿದಳು.

"ಇಷ್ಟು ವರ್ಸ ಎಲ್ಲಾರ ನೀರೂ ಎತ್ತಿ ಕೊಟ್ಟಾಯ್ತು," ಎಂದಳು. "ಒಂದ್ಸಲನಾದ್ರೂ ನೀರಿರೋ ಕಡೆ ಕೂತ್ಕಂಡು ಉಣ್ಣಾನ."

"ಹೂಂ," ಎಂದರು ಭಾವ.

ಹೀಗೆ ನಮ್ಮ ಪ್ರವಾಸಗಳು ಶುರುವಾದವು. ಎರಡು ತಿಂಗಳಿಗೊಮ್ಮೆ ಭಾವನ ಜೀಪಿನ ಹಿಂದೆ ಗಾಡಿ ಕಟ್ಟಿ ಮೂವರೂ ಹೊರಡುವುದು, ಎಲ್ಲಾದರೂ ನಿಲ್ಲಿಸುವುದು, ಅಡುಗೆ ಮಾಡಿ ಉಣ್ಣುವುದು, ಮಲಗಿ ಎದ್ದು ವಾಪಸ್ಸು ಬರುವುದು. ನಾನು ಶಿರಾದ ಒಂದು ಹೈಸ್ಕೂಲಿನಲ್ಲಿ ಅಟೆಂಡರು. ರಜೆ ನೋಡಿ ಹೇಳುವುದು ನನ್ನ ಕೆಲಸ. ಟ್ರಂಕು ತುಂಬುವುದು ಮಾತ್ರ ಅಕ್ಕನ ಕೆಲಸ. ಅದಕ್ಕೆ ಬೇರೆ ಯಾರೂ ಕೈ ಹಾಕುವಂತಿರಲಿಲ್ಲ.

ಅವಳು ತುಂಬುವ ಕ್ರಮವೇ ಬೇರೆ. ಸ್ಪ್ಯಾನರುಗಳು ಗಲಗಲ ಅನ್ನಬಾರದು ಎಂದು ಒಂದೊಂದಕ್ಕೂ ಸೀರೆಯ ತುಂಡು. ಹುಡುಕುವುದು ಸುಲಭವಾಗಲಿ ಎಂದು ಒಂದೊಂದಕ್ಕೂ ಒಂದು ಬಣ್ಣ. ರಿಂಗ್ ಸ್ಪ್ಯಾನರಿಗೆ ಹಳದಿ, ಕಟಿಂಗ್ ಪ್ಲೇಯರಿಗೆ ನೀಲಿ, ವೀಲ್ ಸ್ಪ್ಯಾನರಿಗೆ ಹಸಿರು ಚುಕ್ಕಿ. "ಆ ಮೆಜೆಂತಾ ಕೊಡ್ಲಾ" ಎಂದರೆ ಸುತ್ತಿಗೆ. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಗಾಡಿಯ ಕೆಳಗಿಂದ ಒಬ್ಬ ಹೆಂಗಸಿನ ದನಿ "ಹಳದಿ ಕೊಡು, ಹಳದಿ ಆಗಲ್ಲ, ನೀಲಿ ಕೊಡು" ಎಂದರೆ ಯಾರು ತಾನೆ ನಿಲ್ಲುವುದಿಲ್ಲ?

ಇನ್ನೊಂದು ನಿಯಮವಿತ್ತು. ಪ್ರತಿ ಪ್ರವಾಸದ ಕೊನೆಗೆ ಒಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ಊರಿನ ಹೆಸರು ಬರೆದು, ಅದರ ಮುಂದೆ "ಇಲ್ಲದ್ದು" ಎಂದು ಬರೆದು, ಆ ಸಲ ಟ್ರಂಕಿನಲ್ಲಿ ಏನಿಲ್ಲದೆ ಕಷ್ಟವಾಯಿತೋ ಅದನ್ನು ಬರೆಯುವುದು. ಮುಂದಿನ ಸಲ ಅದು ಇರಲೇಬೇಕು. ಕೇಳಲು ಬುದ್ಧಿವಂತಿಕೆಯ ಮಾತು. ಆದರೆ ಇದರಿಂದ ಆದದ್ದೇನು? ನಮ್ಮ ಟ್ರಂಕು ಯಾವಾಗಲೂ ಹಿಂದಿನ ಸಲದ ತೊಂದರೆಗೆ ಪೂರ್ತಿ ತಯಾರಾಗಿರುತ್ತಿತ್ತು. ಈ ಸಲದ ತೊಂದರೆಗೆ ಯಾವತ್ತೂ ತಯಾರಾಗಿರಲಿಲ್ಲ.

ಮೊದಲು ಹೋದದ್ದು ಕಳ್ಳಂಬೆಳ್ಳ ಕೆರೆಗೆ. ಏರಿಯ ಕೆಳಗೆ ಗಾಡಿಯ ಒಂದು ಚಕ್ರ ಕೆಸರಿಗೆ ಇಳಿಯಿತು. ಅಕ್ಕ ಸೆರಗು ಸಿಕ್ಕಿಸಿಕೊಂಡು ಜಾಕಿ ಇಟ್ಟು ತಿರುಗಿಸತೊಡಗಿದಳು. ಎಷ್ಟು ತಿರುಗಿಸಿದರೂ ಗಾಡಿ ಮೇಲೆ ಬರಲಿಲ್ಲ. ಬಗ್ಗಿ ನೋಡಿದರೆ ಜಾಕಿಯೇ ಕೆಳಗೆ ಹೋಗುತ್ತಿತ್ತು. ಅಷ್ಟರಲ್ಲಿ ಬೈಕಿನಲ್ಲಿ ಬಂದವರೊಬ್ಬರು ಇಳಿದು, "ಎರಡು ಪ್ಲೇಟು ಇಡ್ಲಿ ಕೊಡಿ" ಎಂದರು.

ಇದನ್ನು ಹೇಳಲು ಮರೆತೆ. ಗಾಡಿಯ ಮೇಲೆ "ಬಿಸಿ ಬಿಸಿ ಇಡ್ಲಿ ವಡೆ ಸಿಗುತ್ತದೆ" ಎಂದು ದೊಡ್ಡದಾಗಿ ಬರೆದಿತ್ತು. ಭಾವ ಅಳಿಸಲು ಪೇಂಟು ತಂದಿದ್ದರು. ಅಕ್ಕ ಬಿಡಲಿಲ್ಲ. "ಯಾರೋ ಅಷ್ಟು ಚೆಂದಾಗಿ ಬರ್ದವ್ರೆ. ಯಾಕ್ರೀ ಅಳಿಸ್ತೀರ?"

ಈಗ ಅವಳು ಕೆಸರಿನ ಕೈ ಎತ್ತಿ, "ಮುಗ್ದೋಯ್ತು ಕಣಣ್ಣ, ನಾಳೆ ಬಾ" ಎಂದಳು.

"ಸುಳ್ಳು ಯಾಕಕ್ಕ ಹೇಳ್ತೀಯ?" ಎಂದೆ ಆಮೇಲೆ.

"ನಿಜ ಹೇಳಕ್ಕೋದ್ರೆ ಅರ್ಧ ಗಂಟೆ ಆಯ್ತದೆ. ಅಷ್ಟೊತ್ಗೆ ಜಾಕಿ ಪಾತಾಳ ಸೇರ್ಕಂಡಿರ್ತದೆ."

ನೋಟ್‌ಬುಕ್ಕಿನಲ್ಲಿ ಬರೆದಳು: ಕಳ್ಳಂಬೆಳ್ಳ. ಇಲ್ಲದ್ದು: ಹಲಗೆ.

ಎರಡನೇ ಸಲ ಜಾಕಿಯ ಕೆಳಗಿಡಲು ದಪ್ಪ ಹಲಗೆ ಹೇರಿಕೊಂಡು ಮಧುಗಿರಿಗೆ ಹೋದೆವು. ಬೆಟ್ಟದ ಬುಡದಲ್ಲಿ ನಿಲ್ಲಿಸಿದೆವು. ಅಲ್ಲಿ ಕೆಸರೆಲ್ಲಿಂದ ಬರಬೇಕು? ನೆಲ ಗಟ್ಟಿ, ಆದರೆ ಇಳಿಜಾರು. ಜೀಪಿನಿಂದ ಗಾಡಿ ಬಿಚ್ಚಿದ ಕೂಡಲೇ ಅದು ನಿಧಾನವಾಗಿ ಊರಿನ ಕಡೆ ಹೊರಟಿತು. ಭಾವ ಹಿಡಿದುಕೊಂಡರು. ಅಕ್ಕ "ಗಾಲಿಗೆ ಕಲ್ಲು ಕೊಡ್ಲಾ" ಎಂದು ಕೂಗಿದಳು. ನಾನು ಸುತ್ತ ಹುಡುಕಿದೆ. ಕಣ್ಣೆತ್ತಿದರೆ ಇಡೀ ಬೆಟ್ಟವೇ ಒಂದು ಕಲ್ಲು. ಗಾಲಿಗೆ ಕೊಡಲು ಮಾತ್ರ ಒಂದು ಕಲ್ಲು ಸಿಗಲಿಲ್ಲ. ಕೊನೆಗೆ ನನ್ನ ಎರಡೂ ಚಪ್ಪಲಿ ಕೊಟ್ಟು, ಹಲಗೆಯನ್ನೂ ಅಡ್ಡ ಸಿಕ್ಕಿಸಿ ನಿಲ್ಲಿಸಿದೆವು. ಆ ದಿನವೆಲ್ಲ ನಾನು ಬರಿಗಾಲಲ್ಲಿ ಮಧುಗಿರಿ ನೋಡಿದೆ.

ಮಧುಗಿರಿ. ಇಲ್ಲದ್ದು: ಕಲ್ಲು.

ಅಲ್ಲಿಂದ ಮುಂದೆ ಬರಗೂರಿನ ಹೊಲದಿಂದ ತಂದ ಎರಡು ದೊಡ್ಡ ಕಲ್ಲುಗಳು ನಮ್ಮ ಜೊತೆ ಊರೂರು ಸುತ್ತಿದವು. ಅವಕ್ಕೂ ಸೀರೆ. ಅವೇ ಮಧುಗಿರಿ ಕಲ್ಲುಗಳು. ಮಧುಗಿರಿಗೂ ಅವಕ್ಕೂ ಬೇರೆ ಸಂಬಂಧವಿಲ್ಲ.

"ಕಲ್ಲು ಎಲ್ಲಾದ್ರೂ ಸಿಗ್ತದಲ್ಲಕ್ಕ?" ಎಂದರೆ, "ಅವತ್ತು ಸಿಗ್ತೇನ್ಲಾ?" ಎಂದು ನನ್ನ ಚಪ್ಪಲಿಯ ಕಡೆ ನೋಡುತ್ತಿದ್ದಳು.

ಆಮೇಲೆ ಪಾವಗಡದ ರಾಯಚರ್ಲು. ಕಣ್ಣು ಹಾಯುವವರೆಗೂ ಸೋಲಾರ್ ಪ್ಲೇಟುಗಳು, ಅವುಗಳ ನೆರಳಲ್ಲಿ ಕುರಿಗಳು. ಹಲಗೆ ಇತ್ತು, ಕಲ್ಲು ಇತ್ತು, ಏನೂ ಕೆಡಲಿಲ್ಲ. ಅಕ್ಕನಿಗೆ ಕೈ ಕಟ್ಟಿದಂತಾಯಿತು. ಜೀಪಿನ ಬಾನೆಟ್ ಎರಡು ಸಲ ತೆಗೆದು ನೋಡಿ, ಎಲ್ಲಾ ಸರಿ ಇದೆ ಎಂದು ಬೇಜಾರಿನಿಂದ ಮುಚ್ಚಿದಳು. ಅಷ್ಟರಲ್ಲಿ ಒಬ್ಬ ಅಜ್ಜಿ ಬಂದು, "ಇಡ್ಲಿ ಉಂದಾಮ್ಮಾ?" ಎಂದರು.

"ಅಯಿಪೋಯಿಂದಮ್ಮಾ, ರೇಪು ರಾ," ಎಂದಳು ಅಕ್ಕ. ಮುಗಿಯಿತು, ನಾಳೆ ಬಾ ಎನ್ನುವಷ್ಟು ತೆಲುಗನ್ನು ಅವಳು ಇಡ್ಲಿಗಾಗಿಯೇ ಕಲಿತು ಬಂದಿದ್ದಳು. ಟ್ರಂಕು ನೋಡಿದ ಅಜ್ಜಿ ಮನೆಯಲ್ಲಿ ಮಿಕ್ಸಿ ಕೆಟ್ಟಿದೆ ಎಂದರು. ಅಕ್ಕನ ಮುಖ ಆಗ ನೋಡಬೇಕಿತ್ತು. ಊಟದ ಹೊತ್ತಿಗೆ ಗಾಡಿಯ ಮುಂದೆ ಎರಡು ಮಿಕ್ಸಿ, ಒಂದು ಫ್ಯಾನು, ಒಂದು ಔಷಧಿ ಹೊಡೆಯುವ ಪಂಪು ಸಾಲಾಗಿ ಕೂತಿದ್ದವು. ನಮ್ಮದು ಮೂರು ಗಿಡ್ಡ ಮರದ ಸ್ಟೂಲು. ಕೂತು ಮಾಡದ ರಿಪೇರಿ ರಿಪೇರಿಯೇ ಅಲ್ಲ ಎಂದು ಅಕ್ಕ ಅವನ್ನೂ ಸಾಮಾನಿನ ಲೆಕ್ಕಕ್ಕೆ ಸೇರಿಸಿದ್ದಳು. ಒಂದರ ಮೇಲೆ ಅವಳು, ಒಂದರ ಮೇಲೆ ಭಾವ. ಮೂರನೆಯದರ ಮೇಲೆ ನಾನು ಕೂತೆ. ಕೂತದ್ದಷ್ಟೇ ನೆನಪು. ಕುರಿಗಳು ಕೂಡ ತಿರುಗಿ ನೋಡಿದವು.

ಅಜ್ಜಿ ಹೋಗುವಾಗ ಹೇಳಿದರು, "ಇಡ್ಲಿ ಲೇದು, ಗಾನಿ ಮಿಕ್ಸಿ ಬಾಗುಂದಿ." ಇಡ್ಲಿ ಇಲ್ಲ, ಆದರೆ ಮಿಕ್ಸಿ ಚೆನ್ನಾಗಿದೆ ಎಂದು.

ರಾಯಚರ್ಲು. ಇಲ್ಲದ್ದು: ಸ್ಟೂಲು. ಪಕ್ಕದಲ್ಲಿ ಚಿಕ್ಕದಾಗಿ: ಇವನು ಕೂತ.

ಮುರಿದವನೇ ಹೊಸದು ತರಬೇಕು ಎಂದಿದ್ದಳು. ಅದಕ್ಕೇ ಆ ಶನಿವಾರ ಅವಳು ಸ್ಟೂಲು ಕೇಳಿದ್ದು. ನಾಳೆ ಕೊರಟಗೆರೆ ಕಡೆ ಹೋಗುವುದೆಂದು ಅವಳೇ ಗೊತ್ತು ಮಾಡಿದ್ದಳು. ಯಾವತ್ತೋ ಬಸ್ಸಿನಿಂದ ಬೆಟ್ಟದ ಕೆಳಗೊಂದು ಹುಣಿಸೆ ತೋಪು ನೋಡಿದ್ದಳಂತೆ.

ಭಾನುವಾರ ಬೆಳಿಗ್ಗೆ ಅವಳು ಕಾಫಿಗೆ ಹಾಲಿಟ್ಟು, ಒಂದು ಗಳಿಗೆ ಗೋಡೆಗೆ ಒರಗಿ ಕೂತಳು. ಹಾಲು ಉಕ್ಕಿ ಒಲೆ ಆರಿದ ವಾಸನೆಗೆ ಭಾವ ಒಳಗೆ ಬಂದರು. ಶಿರಾ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಜೀವ ಹೋಗಿತ್ತು. ಗಾಡಿ ಬಿಚ್ಚುವ ವ್ಯವಧಾನ ಯಾರಿಗೂ ಇರಲಿಲ್ಲ. ಬಿಸಿ ಬಿಸಿ ಇಡ್ಲಿ ವಡೆಯ ಗಾಡಿಯನ್ನು ಹಿಂದೆ ಕಟ್ಟಿಕೊಂಡೇ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು.

ಆಮೇಲೆ ಭಾವ ಅಂಗಡಿ ತೆಗೆದರು. ಮೋಟರ್ ಬಿಚ್ಚುತ್ತಿದ್ದರು, ತಂತಿ ಸುತ್ತಲು ಬೇರೆಯವರಿಗೆ ಕೊಡುತ್ತಿದ್ದರು. ಗಾಡಿಯ ಬಾಗಿಲು ತೆಗೆಯಲಿಲ್ಲ. ಐದು ತಿಂಗಳಾದ ಮೇಲೆ ಒಬ್ಬರು ಕ್ಯಾಂಟೀನ್ ಇಡಲು ಗಾಡಿ ಕೇಳಿದರು. ಸೋಮವಾರ ಬಂದು ಎಳೆದುಕೊಂಡು ಹೋಗುತ್ತೇನೆ ಎಂದರು. ಭಾವ "ಹೂಂ" ಎಂದರಂತೆ.

ನಾನು ಶನಿವಾರ ಹೋಗಿ ಹೇಳಿದೆ. "ಕೊಡೋದು ನಿಮ್ಮಿಷ್ಟ ಭಾವ. ಕೊರಟಗೆರೆ ಒಂದು ಬಾಕಿ ಐತೆ. ನಾಳೆ ಹೋಗ್ಬುಟ್ಟು ಬರಾನ."

ಅವರು ಒಳಗೆ ಹೋಗಿ ಜೀಪಿನ ಕೀಲಿ ತಂದರು.

ಹುಣಿಸೆ ತೋಪು ಸಿಕ್ಕಿತು. ನಿಲ್ಲಿಸುವುದಕ್ಕೂ ಗಾಡಿಯ ಚಕ್ರ ಪಂಕ್ಚರ್ ಆಗುವುದಕ್ಕೂ ಸರಿಹೋಯಿತು. ಅಕ್ಕ ಇದ್ದಿದ್ದರೆ ಹಿಗ್ಗುತ್ತಿದ್ದಳು. ನೆಲ ಮೆತ್ತಗಿತ್ತು, ಇಳಿಜಾರೂ ಇತ್ತು. ನಾನು ಟ್ರಂಕಿನ ಮುಚ್ಚಳ ತೆಗೆದೆ. ಅವಳು ಕಟ್ಟಿಟ್ಟ ಗಂಟುಗಳು ಹಾಗೇ ಇದ್ದವು. ಯಾವುದರಲ್ಲಿ ಏನಿದೆ ಎಂದು ನನಗೆ ಮರೆತಿತ್ತು.

"ವೀಲ್ ಸ್ಪ್ಯಾನರ್ ಯಾವ್ದರಾಗೆ ಭಾವ?"

"ಹಸ್ರು ಚುಕ್ಕೀದು." ಚಕ್ರದ ಕಡೆ ಬಗ್ಗಿ ಹೇಳಿದರು, "ನಮ್ ಮೊದಲ್ನೇ ಯುಗಾದಿಗೆ ಕೊಡ್ಸಿದ್ ಸೀರೆ."

"ಜಾಕಿ?"

"ಅದು ಬ್ಯಾಡ. ಅದನ್ನ ನಾನ್ ಬಿಚ್ತೀನಿ."

ಜಾಕಿಗೆ ಸುತ್ತಿದ್ದು ಮದುವೆ ಸೀರೆಯ ಸೆರಗು ಎಂದು ನನಗೆ ಆಗ ಗೊತ್ತಾಯಿತು.

ಗಾಲಿಗೆ ಮಧುಗಿರಿಯ ಒಂದು ಕಲ್ಲು ಕೊಟ್ಟೆವು. ಜಾಕಿಯ ಕೆಳಗೆ ಕಳ್ಳಂಬೆಳ್ಳದ ಹಲಗೆ ಇಟ್ಟೆವು. ಮುಕ್ಕಾಲು ಗಂಟೆಯಲ್ಲಿ ಸ್ಟೆಪ್ನಿ ಕೂತಿತು. ಅಷ್ಟು ಪ್ರವಾಸಗಳಲ್ಲಿ ಮೊದಲ ಸಲ, ಬೇಕಾದದ್ದೆಲ್ಲ ಟ್ರಂಕಿನಲ್ಲಿ ಇತ್ತು.

ನಡುವೆ ಒಬ್ಬ ಕೂಲಿಯವನು ತಲೆಯ ಮೇಲಿನ ಟವಲು ತೆಗೆದು ಬಂದ. "ಇಡ್ಲಿ ಐತಾ ಯಜಮಾನ್ರೇ?"

ಅಂಥ ಮಾತಿಗೆ ಯಾವತ್ತೂ ಬಾಯಿ ಬಿಡದ ಭಾವ ಹೇಳಿದರು, "ಮುಗ್ದೋಯ್ತು ಕಣಪ್ಪ."

ನಾಳೆ ಬಾ ಅನ್ನಲಿಲ್ಲ.

ಬುತ್ತಿ ಬಿಚ್ಚಿ ಉಣ್ಣಲು ಕೂತೆವು. ಉಂಡಾದ ಮೇಲೆ ಭಾವ ನೋಟ್‌ಬುಕ್ಕು ತೆಗೆದರು. ಕೊರಟಗೆರೆ ಎಂದು ಬರೆದರು. ಇಲ್ಲದ್ದು ಎಂದು ಬರೆದು ನಿಲ್ಲಿಸಿದರು.

"ಏನಂತ ಬರೀಲಿ?"

"ಸ್ಟೂಲು," ಎಂದೆ.

"ಇರಾದು ಇಬ್ರು. ಸ್ಟೂಲೂ ಎರಡು ಅವೆಯಲ್ಲಪ್ಪ."

ಆಗ ನನ್ನ ಕಡೆ ನೋಡಿದರು. ನಾನು ಮಧುಗಿರಿಯ ಎರಡನೇ ಕಲ್ಲಿನ ಮೇಲೆ ಕೂತಿದ್ದೆ. ಅವಳು ಹೇಳಿದ ಜಾಗದಲ್ಲೇ ಕೂತಿದ್ದೇನೆ ಎಂದು ನನಗೂ ಆವರೆಗೆ ಹೊಳೆದಿರಲಿಲ್ಲ. ಅವರೊಂದು ಸ್ಟೂಲಿನ ಮೇಲಿದ್ದರು. ಇನ್ನೊಂದು ಸ್ಟೂಲು ನಮ್ಮಿಬ್ಬರ ನಡುವೆ ಖಾಲಿ ಇತ್ತು. ಹಾಗೆ ಇಟ್ಟವರು ಯಾರು? ನಾನೇ ಇಳಿಸಿಟ್ಟಿರಬೇಕು.

ಭಾವ ಅದನ್ನು ಒಂದು ಗಳಿಗೆ ನೋಡಿದರು. ಆಮೇಲೆ ತಲೆ ತಗ್ಗಿಸಿ, ನಿಧಾನವಾಗಿ, ಸ್ಟೂಲು ಎಂದು ಬರೆದರು.

ಮಾರನೆಯ ದಿನ ಗಾಡಿಗೆ ಬಂದವರಿಗೆ "ಅದ್ರಾಗೆ ಸಾಮಾನೈತೆ" ಎಂದರಂತೆ. "ಇಳಿಸ್ಕಳಿ ಅಣ್ಣ, ಕಾಯ್ತೀನಿ" ಎಂದರಂತೆ ಅವರು. "ಇಳ್ಸಲ್ಲ" ಎಂದು ಭಾವ ಒಳಗೆ ಹೋದರಂತೆ. ಗಾಡಿ ಈಗಲೂ ಅಂಗಡಿಯ ಪಕ್ಕದಲ್ಲೇ ಇದೆ. ಜಾಕಿಗೆ ಭಾವ ಮತ್ತೆ ಸೀರೆ ಸುತ್ತಿದ್ದಾರೆ. ಗಂಟು ಮಾತ್ರ ಅವಳ ಹಾಗೆ ಬಂದಿಲ್ಲ.

ಶಿರಾದಲ್ಲಿ ನನ್ನ ಬಸ್ಸು ನಿಲ್ಲುವುದು ಮರದ ಸಾಮಾನಿನ ಅಂಗಡಿಯ ಎದುರಿಗೇ. ಸ್ಟೂಲುಗಳನ್ನು ಒಂದರ ಮೇಲೊಂದು ಹೊರಗೇ ಪೇರಿಸಿರುತ್ತಾರೆ. ದಿನಕ್ಕೆ ಎರಡು ಸಲ ನೋಡುತ್ತೇನೆ.

ಮೂರನೇ ಸ್ಟೂಲು ಇನ್ನೂ ತಂದಿಲ್ಲ.