ಬಲಗಡೆಯ ಹೂವಿಗೆ ಆಕ್ಷೇಪಣೆ

ಇಂದ:
ಹೇಮಶ್ರೀ, ಚಿಕ್ಕಸ್ವಾಮಿಯವರ ಮಗಳು, ವಯಸ್ಸು ಇಪ್ಪತ್ತೆರಡು, ಓದು ಎಂಟನೇ ತರಗತಿವರೆಗೆ,
ಗುಡಿ ಹಿಂದಿನ ಮನೆ, ಚಿನಕುರಳಿ, ಪಾಂಡವಪುರ ತಾಲ್ಲೂಕು.

ಗೆ:
ಶ್ರೀ ಹೊಂಗೆಮರದಮ್ಮನವರು, ಗರ್ಭಗುಡಿ, ಅದೇ ಊರು.

ಮೂಲಕ: ನೇರವಾಗಿ. (ಪೂಜಾರಿ ಮರಿಯಯ್ಯನವರ ಕೈಗೆ ಕೊಟ್ಟರೆ ತಮಗಿಂತ ಮೊದಲು ಭಜನಾ ಮಂಡಳಿಗೆ ತಲುಪುತ್ತದೆ.)

ವಿಷಯ: ಅರ್ಜಿದಾರಳ ಪರವಾಗಿ ತಾವು ಒಪ್ಪಿಗೆ ಕೊಡುವುದನ್ನು ನಿಲ್ಲಿಸುವ ಬಗ್ಗೆ.

ಉಲ್ಲೇಖ: ಕಳೆದ ಶುಕ್ರವಾರ ತಮ್ಮ ಬಲಭುಜದಿಂದ ಬಿದ್ದ ಸೇವಂತಿಗೆ.

ಮಾನ್ಯ ತಾಯಿಯವರೇ,

೧. ಅರ್ಜಿದಾರಳು ಮೂರು ವರ್ಷದಿಂದ ತಮ್ಮ ಗುಡಿ ತೊಳೆದು, ಹೂ ಕಟ್ಟಿ, ಪಾತ್ರೆ ಬೆಳಗುತ್ತಿದ್ದಾಳೆ. ಇದಕ್ಕೆ ಅವಳು ಒಪ್ಪಿದ ದಿನ ಯಾವುದೆಂದು ಅವಳಿಗೇ ಗೊತ್ತಿಲ್ಲ. ಮಂಡಳಿಯ ಹೆಂಗಸರು ಏನಾದರೂ ಹೇಳಿದಾಗ ಅವಳು ತಲೆ ತಗ್ಗಿಸುತ್ತಾಳೆ. ತಗ್ಗಿಸಿದ್ದನ್ನು ಹೂಂ ಎಂದು ಆಡಿಸಿದ್ದೆಂದು ತಿಳಿಯಲಾಗಿದೆ.

೨. ಈಗ ಮಂಡಳಿಯ ಅಧ್ಯಕ್ಷೆ ಜಯಲಕ್ಷ್ಮಮ್ಮನವರು ನಲವತ್ತೆಂಟು ದಿನದ ಸೇವೆ ಇಟ್ಟುಕೊಂಡಿದ್ದಾರೆ. ಬೆಳಗ್ಗೆ ಐದಕ್ಕೆ ಬಂದು, ತಂಬಿಟ್ಟು ಮಾಡಿ, ಹತ್ತರವರೆಗೆ ಇರಬೇಕಾದವಳು ಅರ್ಜಿದಾರಳು. ಸೇವೆ ಶುರುವಾಗುವ ಸೋಮವಾರವೇ ಪಾಂಡವಪುರದಲ್ಲಿ ಅವಳ ಟೈಲರಿಂಗ್ ತರಬೇತಿ ಶುರು. ಒಂಬತ್ತಕ್ಕೆ ಹಾಜರಾಗದಿದ್ದರೆ ಸೀಟು ಬೇರೆಯವರಿಗೆ. ಆದಕಾರಣ ಎರಡರಲ್ಲಿ ಒಂದು ಮಾತ್ರ ಸಾಧ್ಯ.

೩. ಇಂಥದ್ದೇನಾದರೂ ಬಂದರೆ ತಮ್ಮ ಎರಡು ಭುಜಕ್ಕೂ ಹೂ ಮುಡಿಸಿ ಕೇಳುವುದು ವಾಡಿಕೆ. ಬಲಗಡೆ ಬಿದ್ದರೆ ಹೂಂ, ಎಡಗಡೆ ಬಿದ್ದರೆ ಬೇಡ. ಪೂಜಾರಿ ಬೆವರುತ್ತಾರೆಂದು ಭಕ್ತರಾದ ಲೋಕೇಶ್ ಅವರು ಟೇಬಲ್ ಫ್ಯಾನ್ ಕೊಡಿಸಿದ ಮೇಲೆ ತಾವು ಒಂದು ಸಲವೂ ಬೇಡ ಅಂದಿಲ್ಲ. ಫ್ಯಾನ್ ತಮ್ಮ ಎಡಕ್ಕಿದೆ. ಗಾಳಿ ಬಲಕ್ಕೆ ಹೋಗುತ್ತದೆ. ಚೌಡಯ್ಯನವರ ಮಗನಿಗೆ ಒಂದೇ ವಾರದಲ್ಲಿ ಮದುವೆಗೆ ನೋಡಿದ ಮೂರು ಹೆಣ್ಣಿಗೂ ಒಪ್ಪಿಗೆ ಕೊಟ್ಟಿದ್ದೀರಿ. ಕರೆಂಟ್ ಹೋದ ದಿನ ಒಂದು ಗಂಟೆ ಹೂ ಅಲ್ಲಾಡಲಿಲ್ಲ. ಅಮ್ಮ ಯೋಚನೆ ಮಾಡ್ತಾವ್ಳೆ ಎಂದು ಎಲ್ಲರೂ ಕೈಮುಗಿದು ಕೂತರು. ಕರೆಂಟ್ ಬಂತು, ಯೋಚನೆ ಮುಗಿಯಿತು. ಇದನ್ನೆಲ್ಲ ಕಂಡವಳು ಅರ್ಜಿದಾರಳೊಬ್ಬಳೇ. ಮಾತಾಡದವರಿಗೆ ನೋಡಲು ಸಮಯ ಜಾಸ್ತಿ.

೪. ಕಳೆದ ಶುಕ್ರವಾರ ಅವಳ ಸೇವೆಯ ಬಗ್ಗೆ ಹೂ ಮುಡಿಸಿ ಕೇಳಲು ಎಲ್ಲರೂ ಸೇರಿದರು. ಅವಳು ಕೂತದ್ದು ಫ್ಯಾನಿನ ಸ್ವಿಚ್ಚಿನ ಪಕ್ಕ. ಕೈ ಅಲ್ಲಿಯವರೆಗೂ ಹೋಗಿತ್ತೆಂದು ಒಪ್ಪಿಕೊಳ್ಳುತ್ತಾಳೆ. ಆದರೆ ಸ್ವಿಚ್ ಆರಿಸಿ ತಪ್ಪಿಸಿಕೊಂಡರೆ ಮುಂದಿನ ಶುಕ್ರವಾರ ಮತ್ತೆ ಕೇಳುತ್ತಾರೆ. ಆದ್ದರಿಂದ ಕೈ ಹಿಂದಕ್ಕೆ ತೆಗೆದುಕೊಂಡು ಬಾಯಿ ತೆರೆದಳು.

"ಹೂ ಕೇಳ್ಬೇಡಿ ದೊಡ್ಡವ್ವ. ನನ್ನ ಕೇಳಿ."

"ನಿನ್ನೇನವ್ವ ಕೇಳೋದು? ಅಮ್ಮನೇ ಕೂತವ್ಳಲ್ಲ" ಅಂದರು ಜಯಲಕ್ಷ್ಮಮ್ಮ.

"ಬೆಳಗ್ಗೆ ಐದಕ್ಕೆ ಎದ್ದು ಬರೋಳು ಅಮ್ಮ ಅಲ್ಲ, ನಾನು."

"ಓಹೋ. ಸರಿ ಕಣವ್ವ, ನಿನ್ನೇ ಕೇಳ್ತೀನಿ. ಮಾಡೀಯಾ?"

"ಆಗಕಿಲ್ಲ ದೊಡ್ಡವ್ವ."

ಅದೇ ಕ್ಷಣಕ್ಕೆ ತಾವು ಬಲಗಡೆ ಹೂ ಕೊಟ್ಟಿರಿ.

೫. ಅಲ್ಲಿಂದ ಊರು ಎರಡಾಗಿದೆ. ಹೂ ಬಿದ್ದದ್ದು ಸೇವೆಗೆ ಎಂದು ಅರ್ಧ ಜನ, ಹುಡುಗಿ ಆಗಕಿಲ್ಲ ಅಂದದ್ದಕ್ಕೆ ಎಂದು ಇನ್ನರ್ಧ. ಮರಿಯಯ್ಯನವರು ಯಾರು ಕೇಳಿದರೂ ಹೌದು ಅನ್ನುತ್ತಿದ್ದಾರೆ. ಆ ಹೂ ಯಾವುದಕ್ಕೆ ಕೊಟ್ಟದ್ದೆಂದು ಭಾನುವಾರ ತಮ್ಮನ್ನು ಮತ್ತೆ ಹೂ ಕೇಳಲು ಮಂಡಳಿ ತೀರ್ಮಾನಿಸಿದೆ.

ಆದ್ದರಿಂದ ತಮ್ಮಲ್ಲಿ ಅರಿಕೆ:

ಅ) ಭಾನುವಾರ ತಮಗೆ ತೋಚಿದ ಕಡೆ ಹೂ ಕೊಡಬಹುದು. ಅರ್ಜಿದಾರಳು ಅಲ್ಲಿ ಇರುವುದಿಲ್ಲ. ಬಟ್ಟೆ ಒಗೆಯುವುದಿದೆ.

ಆ) ಶುಕ್ರವಾರದ ಹೂ ಕಟ್ಟುವುದನ್ನು ಅವಳು ಬಿಡುವುದಿಲ್ಲ. ಅದು ಅವಳಿಗೆ ಇಷ್ಟ. ಯಾರೋ ಹೇಳಿದ್ದಕ್ಕಲ್ಲ.

ಇ) ತಂಬಿಟ್ಟಿಗೆ ಜಯಲಕ್ಷ್ಮಮ್ಮನವರ ಹೆಸರು ಪರಿಶೀಲಿಸಬಹುದು. ಅವರ ಕೈ ಹದ ಚೆನ್ನಾಗಿದೆ, ಐದಕ್ಕೆ ಎದ್ದೂ ಇರುತ್ತಾರೆ.

ತಮ್ಮ ಮೇಲೆ ಭಕ್ತಿಯೂ ತಮ್ಮ ಮಂಡಳಿಯ ಮೇಲೆ ಸ್ವಲ್ಪ ಕೋಪವೂ ಉಳ್ಳ,

ತಮ್ಮ ವಿಶ್ವಾಸಿ,
ಹೇಮಶ್ರೀ

ಲಗತ್ತುಗಳು:
೧. ಉಲ್ಲೇಖಿತ ಸೇವಂತಿಗೆ, ಒಣಗಿದ್ದು, ಒಂದು.
೨. ತರಬೇತಿ ಸೀಟಿನ ಪತ್ರದ ಜೆರಾಕ್ಸ್.

ವಿಶೇಷ ಸೂಚನೆ: ಅರ್ಜಿದಾರಳು ಸೋಮವಾರ ಏಳೂವರೆ ಬಸ್ಸಿಗೆ ಹೋಗುತ್ತಾಳೆ. ಇದು ತಮ್ಮ ಅನುಮತಿಗಾಗಿ ಅಲ್ಲ, ಮಾಹಿತಿಗಾಗಿ. ಬಸ್ಸಿನಲ್ಲಿ ಸೀಟು ಸಿಗುವಂತೆ ಮಾತ್ರ ನೋಡಿಕೊಳ್ಳಬೇಕಾಗಿ ವಿನಂತಿ.